ಎಂಜಿನ್ ಬದಲಾಯಿಸಿದ ಜೀಪಿನಲ್ಲಿ ಕ್ಲಚ್ ಜಾರಿದಾಗ

ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಹಿಡಿದು ಕೊಡುವುದು ಕ್ಲಚ್; ಆ ಹಿಡಿತ ಸಾಲದಾದಾಗ ಕ್ಲಚ್ ಜಾರುತ್ತದೆ. ಜಾರುತ್ತಿದೆ ಅನ್ನುವುದು ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ಮೊದಮೊದಲು ಬರೀ ಅನುಮಾನ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಒಂದು ಕ್ಷಣ ಮೇಲೇಳುತ್ತದೆ, ಗಾಡಿಯ ವೇಗ ಮಾತ್ರ ಹಾಗೇ ಇರುತ್ತದೆ. ಕಾಲು ಸ್ವಲ್ಪ ಸಡಿಲಿಸಿದರೆ ಎಲ್ಲ ಸರಿಹೋಗುತ್ತದೆ. ನನ್ನ ಜೀಪಿನಲ್ಲೂ ಹೀಗೇ ಶುರುವಾಯಿತು. ಕೆಲವು ವಾರ ಕಳೆಯುವಷ್ಟರಲ್ಲಿ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಏರಿನಲ್ಲಿ ಟ್ಯಾಕೋಮೀಟರ್ ಮುಳ್ಳು 2,000ದಿಂದ 2,600ಕ್ಕೆ ಹಾರುತ್ತಿತ್ತು, ಸ್ಪೀಡೋಮೀಟರ್ ಮುಳ್ಳು ಕದಲುತ್ತಿರಲಿಲ್ಲ. ಇಳಿದು ನೋಡಿದರೆ ಗಾಡಿಯ ಕೆಳಗಿನಿಂದ ಬ್ರೇಕ್ ಲೈನರ್ ಸುಟ್ಟ ವಾಸನೆ.

ಈ ಜೀಪಿನದು ಮೂಲ ಎಂಜಿನ್ ಅಲ್ಲ. ಹಳೆಯ ಪೆಟ್ರೋಲ್ ಎಂಜಿನ್ ಸವೆದು ಹೋಗಿತ್ತು. ಒಂದು ಗ್ಯಾರೇಜಿನವರು ಅದನ್ನು ಇಳಿಸಿ, ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿಕೊಟ್ಟಿದ್ದರು. ಗೇರ್‌ಬಾಕ್ಸ್ ಹಳೆಯದೇ. ಎರಡರ ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟ್. ಎಂಜಿನ್ ಜೊತೆ ತಿರುಗುವ ಫ್ಲೈವೀಲ್, ಕ್ಲಚ್ ಪ್ಲೇಟನ್ನು ಸ್ಪ್ರಿಂಗ್ ಬಲದಿಂದ ಅದಕ್ಕೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ (ಇದರ ಇಡೀ ಜೋಡಣೆಗೆ ಕವರ್ ಅನ್ನುತ್ತೇವೆ) ಹೊಸ ಎಂಜಿನ್ನಿನ ಕಡೆಯವು. ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಅದನ್ನು ತಳ್ಳುವ ಫೋರ್ಕ್, ಫೋರ್ಕನ್ನು ನೂಕುವ ಸ್ಲೇವ್ ಸಿಲಿಂಡರ್ ಹಳೆ ಗೇರ್‌ಬಾಕ್ಸಿನ ಕಡೆಯವು. ಕ್ಲಚ್ ಪ್ಲೇಟ್ ಮಾತ್ರ ಎರಡೂ ಕಡೆಗೆ ಹೊಂದಬೇಕು: ಹೊರಗಿನ ಅಳತೆ ಪ್ರೆಶರ್ ಪ್ಲೇಟಿಗೆ ಸರಿಯಾಗಿರಬೇಕು, ನಡುವಿನ ಸ್ಪ್ಲೈನ್ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿಗೆ ಕೂರಬೇಕು. ಅಂಥದ್ದೊಂದನ್ನು ಹುಡುಕಿ ಹಾಕಿದ್ದರು. ಗಾಡಿ ಕೈಗೆ ಬಂದಾಗ ಚೆನ್ನಾಗಿಯೇ ಓಡುತ್ತಿತ್ತು. ಎಳೆತವಂತೂ ಮೊದಲಿಗಿಂತ ಎಷ್ಟೋ ಜಾಸ್ತಿ.

ಜಾರಲು ಶುರುವಾದ ಮೇಲೆ ಅದೇ ಗ್ಯಾರೇಜಿಗೆ ತೋರಿಸಿದೆ. ಒಂದು ಸುತ್ತು ಓಡಿಸಿ ಬಂದು, "ಪ್ಲೇಟ್ ಹೋಗಿದೆ ಸಾರ್, ಹೊಸ ಸೆಟ್ ಹಾಕಿಬಿಡೋಣ" ಅಂದರು. ಹೊಸದಾಗಿ ಹಾಕಿದ ಪ್ಲೇಟ್ ಇಷ್ಟು ಬೇಗ ಹೇಗೆ ಹೋಗುತ್ತದೆ ಅಂತ ಕೇಳಿದ್ದಕ್ಕೆ, ಡೀಸೆಲ್ ಎಂಜಿನ್ನಿಗೆ ಎಳೆತ ಜಾಸ್ತಿ, ನೀವು ಹಾಫ್ ಕ್ಲಚ್‌ನಲ್ಲಿ ಓಡಿಸಿರುತ್ತೀರಿ ಅನ್ನುವ ಉತ್ತರ ಬಂತು. ನಾನು ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸುವವನಲ್ಲ. ಪ್ಲೇಟ್ ಬದಲಾಯಿಸುವುದು ಬೇಡ ಅಂತ ಅಲ್ಲ. ಆದರೆ ಕಾರಣ ಗೊತ್ತಾಗದೆ ಬದಲಾಯಿಸಿದರೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೇವೆ ಅಲ್ವಾ? ಗಾಡಿಯನ್ನು ಮನೆಗೆ ತಂದೆ.

ಚಿಕ್ಕಪ್ಪ ದೊಡ್ಡ ಗಾಡಿಗಳ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನ್ ಮಾಡಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಗಾಡಿ ಕೊಟ್ಟ ದಿನದಿಂದಲೇ ಜಾರ್ತಿತ್ತಾ, ಆಮೇಲೆ ಶುರುವಾಯ್ತಾ?" ಆಮೇಲೆ ಅಂದೆ. "ಹಾಗಾದ್ರೆ ಅದನ್ನ ಮರೀಬೇಡ. ಬಿಚ್ಚೋಕೆ ಮುಂಚೆ ಹೊರಗಿನಿಂದ ಏನೇನು ನೋಡಬಹುದೋ ಎಲ್ಲಾ ನೋಡು. ಬಿಚ್ಚಿದ ಮೇಲೆ ಸಾಕ್ಷಿ ಉಳಿಯಲ್ಲ ಕಣೋ."

ಮೊದಲು ನಿಜವಾಗಿ ಜಾರುತ್ತಿರುವುದು ಕ್ಲಚ್ಚೇ ಅಂತ ಖಚಿತ ಮಾಡಿಕೊಳ್ಳಬೇಕಿತ್ತು. ಸಮತಟ್ಟು ರಸ್ತೆ, ಮುಂದೆ ಹಿಂದೆ ಯಾರೂ ಇಲ್ಲ. ನಾಲ್ಕನೇ ಗೇರ್, 1,500 ಆರ್‌ಪಿಎಂ ಆಸುಪಾಸು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎರಡು ಮುಳ್ಳುಗಳನ್ನೂ ನೋಡುತ್ತಿರಬೇಕು. ಒಂದೇ ಗೇರಿನಲ್ಲಿ ಇರುವಷ್ಟು ಹೊತ್ತು ಎಂಜಿನ್ ಮತ್ತು ಚಕ್ರದ ವೇಗ ಒಟ್ಟಿಗೇ ಏರಬೇಕು, ಅದರಲ್ಲಿ ವ್ಯತ್ಯಾಸ ಬರುವ ಹಾಗಿಲ್ಲ. ನನ್ನದರಲ್ಲಿ 1,800 ದಾಟುತ್ತಿದ್ದಂತೆ ಎಂಜಿನ್ ತಾನೊಂದೇ ಓಡಿತು. ಈ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಅತಿ ಹೆಚ್ಚು ಇರುವುದು 2,000 ಆರ್‌ಪಿಎಂ ಹತ್ತಿರ. ಅಲ್ಲೇ ಜಾರುತ್ತಿದೆ ಅಂದರೆ ಹಿಡಿತ ಟಾರ್ಕಿಗೆ ಸಾಲುತ್ತಿಲ್ಲ ಅಂತಲೇ ಅರ್ಥ. ಒಂದನೇ, ಎರಡನೇ ಗೇರಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಸಣ್ಣ ಗೇರಿನಲ್ಲಿ ಗಾಡಿ ಸುಲಭವಾಗಿ ಮುಂದೆ ಹೋಗಿಬಿಡುತ್ತದೆ, ಕ್ಲಚ್ ಮೇಲೆ ಪೂರ್ತಿ ಭಾರ ಬಿದ್ದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ದೊಡ್ಡ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದಾ ಅಂತ ನೋಡುವ ಪರೀಕ್ಷೆಯನ್ನು ಹಲವರು ಮಾಡುತ್ತಾರೆ. ಮೊದಲೇ ಜಾರುವ ಕ್ಲಚ್ಚನ್ನು ಅದು ಇನ್ನಷ್ಟು ಸುಡುತ್ತದೆ. ರಸ್ತೆಯಲ್ಲಿ ಗೊತ್ತಾದ ಮೇಲೆ ಅದು ಬೇಕಿಲ್ಲ.

ಆಮೇಲೆ ಲೆಕ್ಕ. ಗ್ಯಾರೇಜಿನವರು ಹೇಳಿದ ಹಾಗೆ ಎಂಜಿನ್ನಿನ ಎಳೆತಕ್ಕೆ ಈ ಕ್ಲಚ್ ಚಿಕ್ಕದಾಯಿತಾ? ಕ್ಲಚ್ ಎಷ್ಟು ಟಾರ್ಕ್ ತಡೆಯುತ್ತದೆ ಅನ್ನುವುದಕ್ಕೆ ಸರಳ ಗುಣಾಕಾರ ಇದೆ. ಪ್ಲೇಟಿಗೆ ಎರಡು ಮುಖ, ಅದಕ್ಕೆ 2. ಅದನ್ನು ಘರ್ಷಣೆಯ ಗುಣಾಂಕದಿಂದ, ಒತ್ತುವ ಬಲದಿಂದ, ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರ) ಸರಾಸರಿ ತ್ರಿಜ್ಯದಿಂದ ಗುಣಿಸಬೇಕು. ನನ್ನ ಪ್ಲೇಟಿನ ಹೊರಗಿನ ವ್ಯಾಸ 225 ಮಿ.ಮೀ., ಒಳಗಿನದು 150. ಸರಾಸರಿ ತ್ರಿಜ್ಯ ಸುಮಾರು 0.094 ಮೀಟರ್. ಗುಣಾಂಕ 0.3, ಒತ್ತುವ ಬಲ 5,500 ನ್ಯೂಟನ್ ಅಂತ ಹಿಡಿದರೆ 310 ನ್ಯೂಟನ್ ಮೀಟರ್ ಬರುತ್ತದೆ. ಎಂಜಿನ್ನಿನ ಟಾರ್ಕ್ 195. ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೈಯಲ್ಲಿದೆ. ಕ್ಲಚ್ ಚಿಕ್ಕದಲ್ಲ. ಘರ್ಷಣೆಯೋ ಬಲವೋ, ಎರಡರಲ್ಲಿ ಒಂದು ಕುಸಿದಿರಬೇಕು. ಬಲದಲ್ಲಿ ಐದರಲ್ಲಿ ಎರಡು ಭಾಗ ಹೋದರೆ 310 ಇದ್ದದ್ದು 186ಕ್ಕೆ ಇಳಿಯುತ್ತದೆ, ಅಲ್ಲಿಗೆ ಜಾರಲು ಶುರು. ಈ ಚಿಕ್ಕ ಲೆಕ್ಕ ನನಗೆ ಬಹಳ ಸಹಾಯ ಮಾಡಿತು. ಇನ್ನೂ ದೊಡ್ಡ ಕ್ಲಚ್ ಹುಡುಕುವ ಯೋಚನೆಯನ್ನೇ ಅಲ್ಲಿಗೆ ಬಿಟ್ಟೆ.

ಘರ್ಷಣೆ ಕುಸಿಯಲು ದೊಡ್ಡ ಕಾರಣ ಎಣ್ಣೆ. ಕ್ಲಚ್ಚನ್ನು ಮುಚ್ಚಿರುವ ಚಿಪ್ಪಿನ, ಅಂದರೆ ಬೆಲ್ ಹೌಸಿಂಗಿನ, ತಳದಲ್ಲಿರುವ ಚಿಕ್ಕ ತೂತಿನ ಹತ್ತಿರ ಒದ್ದೆ ಇತ್ತು, ಅದನ್ನು ಕಂಡು ಸಿಕ್ಕಿಬಿತ್ತು ಅನ್ನಿಸಿತು. ಅಲ್ಲಿಂದ ಎಣ್ಣೆ ಬಂದರೆ ಎಂಜಿನ್ನಿನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರುತ್ತಿರಬೇಕು. ಯಾವುದು ಅಂತ ಹೇಳಲು ಮೂಗು ಸಾಕು. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಬೆರಳಿಗೆ ಹತ್ತಿದರೆ ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗೆ, ಮಸಿ ಬೆರೆತಂತೆ ಇರುತ್ತದೆ. ನನ್ನ ಬೆರಳಿಗೆ ಬಂದದ್ದು ಕಪ್ಪು. ಹಿಂದಿನ ಸೀಲ್ ಅಂತ ತೀರ್ಮಾನಿಸುವ ಮುಂಚೆ ಜಾಗವನ್ನೆಲ್ಲ ಒರೆಸಿ, ಸ್ವಲ್ಪ ಓಡಿಸಿ ಬಂದು ಟಾರ್ಚ್ ಹಾಕಿ ಮೇಲಿನಿಂದ ಕೆಳಗೆ ನೋಡಿದೆ. ಎಂಜಿನ್ನಿನ ಮೇಲ್ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಗ್ಯಾಸ್ಕೆಟ್ಟಿನ ಹಿಂದಿನ ಮೂಲೆಯಿಂದ ತೆಳ್ಳಗೆ ಒಂದು ಗೆರೆ ಇಳಿದಿತ್ತು. ಅದು ಎಂಜಿನ್ನಿನ ಬೆನ್ನ ಮೇಲೆ ಹರಿದು, ಹೌಸಿಂಗಿನ ಹೊರಮೈ ಬಳಸಿ ತಳಕ್ಕೆ ಬರುತ್ತಿತ್ತು. ಒಳಗಿನಿಂದ ಬಂದದ್ದಲ್ಲ. ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ಸೋರುತ್ತಿದೆ ಅಂತ ನಂಬಬಾರದು.

ಇನ್ನು ಒತ್ತುವ ಬಲ. ಇದು ಹೈಡ್ರಾಲಿಕ್ ಕ್ಲಚ್. ಪೆಡಲ್ ಬಿಟ್ಟಾಗ ಸ್ಲೇವ್ ಸಿಲಿಂಡರಿನಲ್ಲಿ ಒತ್ತಡ ಪೂರ್ತಿ ಇಳಿಯಬೇಕು. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಬಿಗಿಯಾಗಿದ್ದರೆ, ಅಥವಾ ಅದರೊಳಗಿನ ಸಣ್ಣ ರಂಧ್ರ ಕಸದಿಂದ ಮುಚ್ಚಿದ್ದರೆ, ದ್ರವ ಡಬ್ಬಿಗೆ ವಾಪಸ್ ಹೋಗದೆ ಉಳಿಯುತ್ತದೆ. ಕಾಲು ತೆಗೆದರೂ ಅರ್ಧ ಒತ್ತಿದಂತೆಯೇ ಇರುತ್ತದೆ. ಪೆಡಲಿನಲ್ಲಿ ಮೇಲುಗಡೆ ಕೆಲವು ಮಿಲಿಮೀಟರ್ ಸಡಿಲ ಇತ್ತು, ಅದು ಸರಿ. ಗಾಡಿ ಚೆನ್ನಾಗಿ ಜಾರಿದ ಕೂಡಲೇ ನಿಲ್ಲಿಸಿ ಸ್ಲೇವ್‌ನ ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್ ಸಡಿಲಿಸಿದೆ. ಒತ್ತಡ ಉಳಿದಿದ್ದರೆ ದ್ರವ ಚಿಮ್ಮಬೇಕು. ಸುಮ್ನೆ ಒಂದು ಹನಿ ಜಿನುಗಿತು ಅಷ್ಟೇ. ಹೈಡ್ರಾಲಿಕ್ಸ್ ತಪ್ಪು ಮಾಡಿಲ್ಲ.

ಆಗ ಸ್ಲೇವ್ ಸಿಲಿಂಡರಿನ ಎರಡು ಬೋಲ್ಟ್ ಬಿಚ್ಚಿ, ಪೈಪ್ ತೆಗೆಯದೆ ಪಕ್ಕಕ್ಕೆ ಕಟ್ಟಿದೆ. ಈಗ ಫೋರ್ಕಿಗೂ ಸ್ಲೇವ್‌ಗೂ ಸಂಬಂಧವಿಲ್ಲ. ಕೈಯಿಂದ ಅಲುಗಿಸಿದರೆ ಫೋರ್ಕ್ ಹಿಂದೆ ಮುಂದೆ ಆಡಬೇಕು. ಆಡಲಿಲ್ಲ. ಎಂಜಿನ್ ಕಡೆಗೆ ತಳ್ಳಿದರೆ ಕಲ್ಲಿನ ಹಾಗೆ ಗಟ್ಟಿ. ಹೌಸಿಂಗಿನಲ್ಲಿ ಫೋರ್ಕ್ ಹೊರಗೆ ಬರುವ ಕಿಟಕಿಯ ರಬ್ಬರ್ ಬೂಟ್ ತೆಗೆದು ಟಾರ್ಚ್ ಬಿಟ್ಟೆ. ಫೋರ್ಕಿನ ತೋಳು ಹೌಸಿಂಗ್ ಕಿಟಕಿಯ ಮುಂದಿನ ಅಂಚಿಗೆ ಒತ್ತಿಕೊಂಡಿತ್ತು. ಇಡೀ ಫೋರ್ಕ್ ತುಕ್ಕು ಬಣ್ಣ, ತಾಗಿದ ಜಾಗ ಮಾತ್ರ ಉಗುರಿನ ಅಗಲಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿನ ಅಲ್ಯೂಮಿನಿಯಂನಲ್ಲಿ ಅದೇ ಆಕಾರದ ತಗ್ಗು ಬಿದ್ದಿತ್ತು. ಆ ಹೊಳಪು ನೋಡಿದ ಮೇಲೆ ಏನಾಗಿದೆ ಅಂತ ಮುಕ್ಕಾಲು ಪಾಲು ಗೊತ್ತಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಮನಸ್ಸಿಗೆ ತೋಚುವುದಕ್ಕೂ ನಡೆಯುವುದಕ್ಕೂ ವಿರುದ್ಧ. ಪ್ಲೇಟ್ ಸವೆದರೆ ಎಲ್ಲ ಸಡಿಲವಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಬೇರಿಂಗ್ ಒಳಕ್ಕೆ ಒತ್ತಿದಾಗ ಬಿಡುವ ಮಾದರಿಯ ಡಯಾಫ್ರಾಮ್ ಕ್ಲಚ್ಚಿನಲ್ಲಿ (ಇದರಲ್ಲಿ ತಟ್ಟೆಯಾಕಾರದ ಒಂದೇ ಸ್ಪ್ರಿಂಗ್), ಪ್ಲೇಟ್ ತೆಳ್ಳಗಾದಂತೆ ಪ್ರೆಶರ್ ಪ್ಲೇಟಿನ ಒತ್ತುವ ಉಂಗುರ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಸ್ಪ್ರಿಂಗಿನ ಹೊರ ಅಂಚು ಅದರ ಜೊತೆ ಹೋಗುತ್ತದೆ. ಸ್ಪ್ರಿಂಗ್ ನಡುವೆ ತಿರುಗುವ ಸನ್ನೆಯಂತೆ ಕೆಲಸ ಮಾಡುವುದರಿಂದ ಒಳಗಿನ ಬೆರಳುಗಳು ಉಲ್ಟಾ ದಿಕ್ಕಿನಲ್ಲಿ, ಗೇರ್‌ಬಾಕ್ಸ್ ಕಡೆಗೆ ಏಳುತ್ತವೆ. ಅದೂ ಸಮಸಮನಾಗಿ ಅಲ್ಲ. ನನ್ನ ಕವರ್‌ನಲ್ಲಿ ಪ್ಲೇಟ್ 1 ಮಿ.ಮೀ. ಸವೆದರೆ ಬೆರಳುಗಳು ಸುಮಾರು 3 ಮಿ.ಮೀ. ಮೇಲೇಳುತ್ತವೆ. ಎದ್ದ ಬೆರಳುಗಳು ರಿಲೀಸ್ ಬೇರಿಂಗನ್ನು ಹಿಂದಕ್ಕೆ ತಳ್ಳುತ್ತವೆ. ಹೈಡ್ರಾಲಿಕ್ ವ್ಯವಸ್ಥೆ ಇದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ: ಸ್ಲೇವ್ ಪಿಸ್ಟನ್ ಒಳಕ್ಕೆ ಹೋಗಿ ದ್ರವ ಡಬ್ಬಿಗೆ ಮರಳುತ್ತದೆ. ಆದರೆ ಬೇರಿಂಗಿಗೆ ಹಿಂದೆ ಸರಿಯಲು ಜಾಗ ಇದ್ದರೆ ಮಾತ್ರ. ಫೋರ್ಕ್ ಕೂಡ ಸನ್ನೆಯಂತೆಯೇ, ಬೇರಿಂಗ್ ಹಿಂದೆ ಹೋದರೆ ಅದರ ಹೊರತುದಿ ಮುಂದೆ ಬರುತ್ತದೆ. ಆ ತುದಿ ಕಿಟಕಿಯ ಅಂಚಿಗೆ ತಾಗಿ ನಿಂತುಬಿಟ್ಟರೆ ಬೇರಿಂಗ್ ಅಲ್ಲೇ ನಿಂತು ಬೆರಳುಗಳನ್ನು ಒತ್ತಿ ಹಿಡಿಯುತ್ತದೆ. ಪೆಡಲ್ ಯಾರೂ ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ಒತ್ತಿದಂತೆಯೇ.

ಒಮ್ಮೆ ಹೀಗೆ ಶುರುವಾದರೆ ಅದು ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಬಲ ಕುಸಿದದ್ದಕ್ಕೆ ಜಾರುತ್ತದೆ, ಜಾರಿದ್ದಕ್ಕೆ ಬಿಸಿಯಾಗಿ ಸವೆಯುತ್ತದೆ, ಸವೆದದ್ದಕ್ಕೆ ಬೆರಳುಗಳು ಇನ್ನಷ್ಟು ಏಳುತ್ತವೆ, ಬಲ ಇನ್ನಷ್ಟು ಕುಸಿಯುತ್ತದೆ. ಮೊದಲು ಚೆನ್ನಾಗಿದ್ದು ಆಮೇಲೆ ಬೇಗ ಬೇಗ ಕೆಟ್ಟದ್ದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಾಣಲಿಲ್ಲ. ಹೊಸ ಪ್ಲೇಟ್ ಹಾಕಿದ್ದರೆ ಬೆರಳುಗಳು ಮತ್ತೆ ಒಳಗೆ ಹೋಗುತ್ತಿದ್ದವು. ಗಾಡಿ ಕೆಲವು ವಾರ ಚೆನ್ನಾಗಿ ಓಡಿ, ಮತ್ತೆ ಜಾರುತ್ತಿತ್ತು.

ಚಿಕ್ಕಪ್ಪನಿಗೆ ಹೇಳಿದೆ. "ಹಂಗಾದ್ರೆ ಎಲ್ಲೋ ಒಂದು ಅಳತೆ ತಪ್ಪಿದೆ. ಬಿಚ್ಚು, ನಾನೂ ಬರ್ತೀನಿ. ವರ್ನಿಯರ್ ಇಟ್ಕೊಂಡಿರು" ಅಂದರು.

ಗೇರ್‌ಬಾಕ್ಸ್ ಇಳಿಸುವುದು ಶ್ರಮದ ಕೆಲಸ, ಆದರೆ ವಿಶೇಷವೇನಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು, ಗಾಡಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದೆವು. ಗೇರ್ ಆಯಿಲ್ ಇಳಿಸಿ, ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗಳ ಫ್ಲಾಂಜಿಗೆ ಗುರುತು ಹಾಕಿ ಬಿಚ್ಚಿದೆವು. ಗುರುತು ಹಾಕುವುದು ಯಾಕೆಂದರೆ ಬಂದ ದಿಕ್ಕಿನಲ್ಲೇ ಹೋಗಿ ಕೂರದಿದ್ದರೆ ಆಮೇಲೆ ಅದುರುತ್ತದೆ. ಸ್ಟಾರ್ಟರ್ ಹೊರಗೆ. ಎಂಜಿನ್ನಿನ ಕೆಳಗೆ ಮರದ ತುಂಡಿಟ್ಟು ಜ್ಯಾಕ್, ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು. ಮೇಲಿನ ಎರಡು ಬೋಲ್ಟ್‌ಗಳಿಗೆ ಕೈ ಹೋಗುವುದಿಲ್ಲ, ಉದ್ದದ ಎಕ್ಸ್‌ಟೆನ್ಷನ್ ಜೋಡಿಸಿ ಹಿಂದಿನಿಂದ ಹಾಕಬೇಕು. ಇದೊಂದು ವಿಷಯದಲ್ಲಿ ಚಿಕ್ಕಪ್ಪ ತುಂಬಾ ಕಟ್ಟುನಿಟ್ಟು: ಗೇರ್‌ಬಾಕ್ಸ್ ನೇರವಾಗಿ ಹಿಂದಕ್ಕೆ ಬರಬೇಕು. ಶಾಫ್ಟ್ ಇನ್ನೂ ಪ್ಲೇಟಿನೊಳಗಿರುವಾಗ ಭಾರ ಕೆಳಗೆ ಜೋತುಬಿದ್ದರೆ ಪ್ಲೇಟಿನ ನಡುಭಾಗ ಬಾಗುತ್ತದೆ. ಹಳೆಯ ಪ್ಲೇಟಾದರೆ ಪರವಾಗಿಲ್ಲ ಅನ್ನಬಹುದು, ಹೊಸದನ್ನು ಹಾಕುವಾಗಲೂ ಅದೇ ಕೈ ಅಭ್ಯಾಸ ಬರುತ್ತದೆ.

ಒಳಗೆಲ್ಲ ಬೂದು ಬಣ್ಣದ ಧೂಳು. ಅದನ್ನು ಗಾಳಿ ಹಿಡಿದು ಊದಬಾರದು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಯಾವುದರಲ್ಲಿ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ ತೆಗೆದೆವು. ಮುಖಕ್ಕೆ ಮಾಸ್ಕ್ ಇತ್ತು.

ಕವರ್ ಬಿಚ್ಚುವ ಮುಂಚೆ ಅಳತೆ. ಇದೇ ನನಗೆ ಈ ಕೆಲಸದಲ್ಲಿ ಅತಿ ಮುಖ್ಯವಾದ ಘಟ್ಟ. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಫೋರ್ಕಿನ ಬೇರಿಂಗ್ ಇರುವ ತುದಿಯನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಒತ್ತಿ ಹಿಡಿದು, ಅಲ್ಲಿಂದ ಬೇರಿಂಗಿನ ಮುಖಕ್ಕೆ ಎಷ್ಟು ಆಳ ಅಂತ ನೋಡಿದೆವು. 52.3 ಮಿ.ಮೀ. ಆ ಕಡೆ, ಅಡಾಪ್ಟರ್ ಪ್ಲೇಟಿನ ಮುಖದಿಂದ ಡಯಾಫ್ರಾಮ್ ಬೆರಳುಗಳ ತುದಿ ಎಷ್ಟು ಹೊರಗೆ ಬಂದಿದೆ ಅಂತ ನೋಡಿದರೆ 53.6. ಬೆರಳುಗಳಿಗೆ ಬೇಕಾದ ಜಾಗಕ್ಕಿಂತ ಇರುವ ಜಾಗವೇ 1.3 ಮಿ.ಮೀ. ಕಡಿಮೆ. ಎರಡು ಭಾಗಗಳನ್ನೂ ಕೂಡಿಸಿ ಬೋಲ್ಟ್ ಬಿಗಿದಾಗ ಆ 1.3 ಮಿ.ಮೀ. ಬೆರಳುಗಳನ್ನು ಒತ್ತುವುದರಲ್ಲಿ ಹೋಗುತ್ತಿತ್ತು. ಕಾಗದದ ಮೇಲೆ ಎರಡು ಸಂಖ್ಯೆಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಊಹೆ ಊಹೆಯಾಗಿ ಉಳಿಯಲಿಲ್ಲ.

ಬೆರಳುಗಳ ತುದಿಯಲ್ಲಿ ಬೇರಿಂಗ್ ಉಜ್ಜಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಬೇರಿಂಗಿನ ಮುಖ ನೀಲಿಗೆ ತಿರುಗಿತ್ತು. ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆದೆವು. ಪ್ಲೇಟ್ ಹೊಸದಾಗಿದ್ದಾಗ 8.5 ಮಿ.ಮೀ., ಈಗ 7.7. ರಿವೆಟ್ ತಲೆಗಳ ಮೇಲೆ ಇನ್ನೂ 0.9 ಮಿ.ಮೀ. ಲೈನಿಂಗ್ ಇತ್ತು. ಮುಗಿದ ಪ್ಲೇಟ್ ಅಲ್ಲವೇ ಅಲ್ಲ, ಬಿಸಿಗೆ ಮೇಲ್ಮೈ ಮಾತ್ರ ಗಾಜಿನಂತೆ ನುಣುಪಾಗಿತ್ತು. ಎಣ್ಣೆಯ ಗುರುತು ಎಲ್ಲೂ ಇಲ್ಲ. 0.8 ಮಿ.ಮೀ. ಸವೆತಕ್ಕೆ ಬೆರಳುಗಳು 2.4 ಮಿ.ಮೀ. ಎದ್ದಿವೆ. ಅಂದರೆ ಪ್ಲೇಟ್ ಹೊಸದಾಗಿದ್ದಾಗ ಜಾಗ ಇದ್ದದ್ದು ಬರೀ 1.1 ಮಿ.ಮೀ. ಪ್ಲೇಟಿನ ಪೂರ್ತಿ ಆಯುಷ್ಯಕ್ಕೆ 2 ಮಿ.ಮೀ. ಸವೆತ ಹಿಡಿದರೆ 6 ಮಿ.ಮೀ. ಜಾಗವಾದರೂ ಬೇಕು.

ಈ ಜಾಗ ಹೋಯಿತೆಲ್ಲಿಗೆ? ಅಡಾಪ್ಟರ್ ಪ್ಲೇಟ್ ತೆಳ್ಳಗಾಯಿತಾ ಅಂತ ನಾನು ನೋಡುತ್ತಿದ್ದೆ. ಚಿಕ್ಕಪ್ಪ ಫೋರ್ಕನ್ನು ಅದು ತಿರುಗುವ ಗುಂಡಿನಿಂದ ಕಳಚಿ, ಕುತ್ತಿಗೆ ಬಗ್ಗಿಸಿ ಹೌಸಿಂಗಿನೊಳಗೆ ನೋಡಿದರು. "ಬಾ ಇಲ್ಲಿ. ಇದು ಕಂಪನಿಯವರು ಹಾಕಿದ್ದಲ್ಲ." ಆ ಗುಂಡಿನ ಬುಡದಲ್ಲಿ 4 ಮಿ.ಮೀ. ದಪ್ಪದ ಒಂದು ವಾಷರ್. ಅಂಚು ಅರದಿಂದ ಉಜ್ಜಿದ್ದು, ಹೌಸಿಂಗಿನ ಉಳಿದ ಭಾಗಕ್ಕಿಂತ ಹೊಸದು.

ಯಾಕೆ ಹಾಕಿದ್ದರು ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ಹೊಸ ಎಂಜಿನ್ನಿನ ಫ್ಲೈವೀಲ್ ಮತ್ತು ಕವರ್ ಹಳೆಯದರಷ್ಟು ಹಿಂದಕ್ಕೆ ಬರುವುದಿಲ್ಲ. ಬೇರಿಂಗ್ ಬೆರಳುಗಳನ್ನು ಮುಟ್ಟಲು ಜಾಸ್ತಿ ದೂರ ಹೋಗಬೇಕು. ಹಳೆಯ ಪುಶ್‌ರಾಡ್ ಅಷ್ಟು ಉದ್ದ ಇಲ್ಲ, ಸ್ಲೇವ್‌ನ ಓಟ ಅಲ್ಲೇ ಮುಗಿದು ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ, ಗೇರ್ ಹಾಕುವಾಗ ಕರಕರ ಅಂದಿರಬೇಕು. ಉದ್ದದ ಪುಶ್‌ರಾಡ್ ಮಾಡಿಸುವ ಬದಲು ಗುಂಡಿನ ಕೆಳಗೆ ವಾಷರ್ ಕೊಟ್ಟರೆ ಫೋರ್ಕ್ ಮುಂದಕ್ಕೆ ಬರುತ್ತದೆ, ಗೇರ್ ಸಲೀಸಾಗಿ ಬೀಳುತ್ತದೆ. ಆ ದಿನಕ್ಕೆ ಕೆಲಸ ಆಯಿತು. ಆದರೆ ಸವೆತಕ್ಕೆ ಅಂತ ಬಿಟ್ಟಿದ್ದ ಜಾಗವೆಲ್ಲ ಅದರಲ್ಲಿ ಹೋಯಿತು. ನನ್ನ ಫೋರ್ಕಿನಲ್ಲಿ ಗುಂಡಿನಿಂದ ಬೇರಿಂಗಿಗೆ 60 ಮಿ.ಮೀ., ಗುಂಡಿನಿಂದ ಕಿಟಕಿಯ ಕಡೆಗೆ 100. ಹೊರತುದಿ ಅಂಚಿಗೆ ತಾಗಿ ನಿಂತಿರುವಾಗ ಗುಂಡು 4 ಮಿ.ಮೀ. ಮುಂದೆ ಬಂದರೆ ಬೇರಿಂಗ್ 6.4 ಮಿ.ಮೀ. ಮುಂದೆ ಬರುತ್ತದೆ. ಒಂದು ಚಿಕ್ಕ ವಾಷರ್ ಸುಟ್ಟುಹಾಕಿದ್ದು ಇಡೀ ಕ್ಲಚ್ಚನ್ನು.

ವಾಷರ್ ತೆಗೆದು ಗುಂಡನ್ನು ಮತ್ತೆ ಕೂರಿಸಿ ಅಳೆದೆವು: 58.7. ಬೇರಿಂಗಿನ ಹಿಂದೆ, ಗೇರ್‌ಬಾಕ್ಸಿನ ಮುಂಭಾಗಕ್ಕೆ ತಾಗದಷ್ಟು ಜಾಗ ಇದೆಯಾ ಅಂತಲೂ ನೋಡಿಕೊಂಡೆವು. ಇತ್ತು.

ಉಳಿದದ್ದು ಹೊಸದನ್ನು ಕೂರಿಸುವ ಕೆಲಸ. ಪ್ಲೇಟ್, ಕವರ್, ರಿಲೀಸ್ ಬೇರಿಂಗ್ ಮೂರೂ ಹೊಸದು. ಬೆರಳುಗಳು ಗೀರು ಬಿದ್ದ ಮೇಲೆ, ಸ್ಪ್ರಿಂಗ್ ಅಷ್ಟು ಬಿಸಿ ಕಂಡ ಮೇಲೆ ಹಳೆಯ ಕವರ್ ಇಟ್ಟುಕೊಳ್ಳುವುದು ಸರಿಯಲ್ಲ. ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದವು, ಬಿರುಕು ಇರಲಿಲ್ಲ. ಬಿಚ್ಚಿ 0.3 ಮಿ.ಮೀ. ಗ್ರೈಂಡ್ ಮಾಡಿಸಿದೆ. ನನ್ನದು ಚಪ್ಪಟೆ ಫ್ಲೈವೀಲ್, ಕವರ್ ಕೂರುವ ಜಾಗವೂ ಪ್ಲೇಟ್ ಉಜ್ಜುವ ಜಾಗವೂ ಒಂದೇ ಮಟ್ಟ. ಮೆಟ್ಟಿಲು ಇರುವ ಫ್ಲೈವೀಲ್ ಆದರೆ ಎರಡೂ ಮಟ್ಟಗಳಿಂದ ಒಂದೇ ಅಳತೆ ತೆಗೆಯಬೇಕು. ಒಂದರಿಂದ ಮಾತ್ರ ತೆಗೆದರೆ ಒತ್ತುವ ಬಲ ಬದಲಾಗುತ್ತದೆ, ಬೆರಳುಗಳ ಎತ್ತರವೂ ಬದಲಾಗುತ್ತದೆ. ಫ್ಲೈವೀಲ್ ಹೊರಗಿದ್ದಾಗ ಎಂಜಿನ್ನಿನ ಹಿಂದಿನ ಸೀಲ್ ಕಾಣುತ್ತದೆ. ಒಣಗಿತ್ತು. ಆದರೂ ಬದಲಾಯಿಸಿದೆ. ಅದೊಂದು ಸೀಲಿಗಾಗಿ ಮತ್ತೆ ಇಷ್ಟೆಲ್ಲ ಇಳಿಸುವುದು ಯಾರಿಗೆ ಬೇಕು? ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಬೆರಳಿಟ್ಟು ತಿರುಗಿಸಿದರೆ ಒರಟಾಗಿತ್ತು, ಅದೂ ಹೊಸದಾಯಿತು. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟನ್ನೂ ಇದೇ ನೆಪದಲ್ಲಿ ಮುಗಿಸಿದೆ.

ಪ್ಲೇಟನ್ನು ಮೊದಲು ಗೇರ್‌ಬಾಕ್ಸಿನ ಶಾಫ್ಟ್ ಮೇಲೆ ಹಾಕಿ ಜಾರಿಸಿ ನೋಡಿದೆ. ಎಲ್ಲೂ ಹಿಡಿಯದೆ ಹೋಗಿ ಬರಬೇಕು. ಎಂಜಿನ್ ಬದಲಾದ ಗಾಡಿಗಳಲ್ಲಿ ಇದನ್ನು ಬಿಡಲೇಬಾರದು, ಹಲ್ಲುಗಳ ಸಂಖ್ಯೆ ಒಂದೇ ಇದ್ದರೂ ಅಳತೆ ಬೇರೆ ಇರಬಹುದು. ಸ್ಪ್ಲೈನಿಗೆ ಗ್ರೀಸ್ ತೆಳುವಾಗಿ ಸವರಿ, ಉಳಿದದ್ದನ್ನು ಪೂರ್ತಿ ಒರೆಸಿದೆ. ಜಾಸ್ತಿ ಇದ್ದರೆ ತಿರುಗುವಾಗ ಸಿಡಿದು ಲೈನಿಂಗಿಗೆ ಹೋಗುತ್ತದೆ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಕಡೆ ಗೇರ್‌ಬಾಕ್ಸಿಗೆ ಮುಖ ಮಾಡಿರಬೇಕು. ಅಲೈನ್‌ಮೆಂಟ್ ಟೂಲ್ ಹಾಕಿ ನಡುವಿಗೆ ನಿಲ್ಲಿಸಿ, ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯುತ್ತಾ ಬಂದು, ಕೊನೆಗೆ ಟಾರ್ಕ್ ರೆಂಚಿನಲ್ಲಿ 25 ನ್ಯೂಟನ್ ಮೀಟರ್‌ಗೆ ನಿಲ್ಲಿಸಿದೆ. ಬೆರಳುಗಳೆಲ್ಲ ಒಂದೇ ಎತ್ತರದಲ್ಲಿದ್ದವು. ಅಳೆದರೆ 50.9. ಈಗ ಜಾಗ 7.8 ಮಿ.ಮೀ.

ಗೇರ್‌ಬಾಕ್ಸ್ ಏರಿಸುವಾಗ ಕೊನೆಯ ಒಂದು ಬೆರಳಿನಷ್ಟು ಅಂತರ ಮುಚ್ಚಲಿಲ್ಲ. ಬೋಲ್ಟ್ ಹಾಕಿ ಎಳೆದುಕೊಳ್ಳುವ ಆಸೆ ಆಗುತ್ತದೆ. ಹಾಗೆ ಎಳೆದರೆ ಪ್ಲೇಟೋ ಪೈಲಟ್ ಬೇರಿಂಗೋ ಹಾಳು, ಕೆಲವು ಸಲ ಹೌಸಿಂಗಿನ ಕಿವಿಯೇ ಮುರಿಯುತ್ತದೆ. ಚಿಕ್ಕಪ್ಪ ಗೇರ್ ಹಾಕಿ, ಹಿಂದಿನ ಫ್ಲಾಂಜನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು, ನಾನು ಜ್ಯಾಕನ್ನು ಕೂದಲಿನಷ್ಟು ಎತ್ತಿದೆ. ಟಕ್ ಅಂತ ಡೋವೆಲ್ ಪಿನ್‌ಗಳ ಮೇಲೆ ಕೂತಿತು.

ವಾಷರ್ ತೆಗೆದ ಮೇಲೆ ಪುಶ್‌ರಾಡ್ ಸಾಲದು ಅಂತ ಮೊದಲೇ ಗೊತ್ತಿತ್ತು. ಅದೇ 60 ಮತ್ತು 100ರ ಲೆಕ್ಕದಲ್ಲಿ ಸುಮಾರು 11 ಮಿ.ಮೀ. ಜಾಸ್ತಿ ಬೇಕು. ಉದ್ದವನ್ನು ಹೊಂದಿಸಿಕೊಳ್ಳುವ ಹಾಗೆ ಥ್ರೆಡ್ ಮತ್ತು ಲಾಕ್ ನಟ್ ಇರುವ ಹೊಸ ರಾಡ್ ಮಾಡಿಸಿದೆ. ಹೊಂದಿಸುವಾಗ ಎರಡು ಕಡೆ ಗಮನ ಇರಬೇಕು. ಪೆಡಲ್ ಬಿಟ್ಟಾಗ ಸ್ಲೇವ್ ಪಿಸ್ಟನ್ನಿಗೆ ಒಳಕ್ಕೆ ಹೋಗಲು ಸಾಕಷ್ಟು ಜಾಗ ಉಳಿದಿರಬೇಕು, ಪ್ಲೇಟ್ ಸವೆದಂತೆ ಅದು ಅಲ್ಲಿಗೇ ಸರಿಯಬೇಕು. ಪೆಡಲ್ ಪೂರ್ತಿ ಒತ್ತಿದಾಗ ಪಿಸ್ಟನ್ ಸಿಲಿಂಡರಿನ ಬಾಯಿಗೆ ಬರಬಾರದು. ಹೊಸ ಡಾಟ್ 4 ಬ್ರೇಕ್ ದ್ರವ ಹಾಕಿ ಗಾಳಿ ತೆಗೆದೆವು. ರಿವರ್ಸ್ ಗೇರ್ ಒಂದು ಚೂರೂ ಸದ್ದಿಲ್ಲದೆ ಬಿತ್ತು. ವಾಷರ್ ಯಾವುದಕ್ಕಾಗಿ ಹಾಕಿದ್ದರೋ ಅದು ಪುಶ್‌ರಾಡಿನಲ್ಲೇ ಸರಿಹೋಯಿತು.

ಮೊದಲ 500 ಕಿಲೋಮೀಟರ್ ನಿಧಾನವಾಗಿಯೇ ಓಡಿಸಿದೆ. ಹೊಸ ಲೈನಿಂಗ್ ಫ್ಲೈವೀಲಿಗೆ ಪೂರ್ತಿ ಅಂಟಿ ಕೂರುವವರೆಗೆ ಹಿಡಿತ ಕಡಿಮೆಯೇ ಇರುತ್ತದೆ. ಆಗಲೇ ಪೂರ್ತಿ ಎಳೆದರೆ ಮೇಲ್ಮೈ ಮತ್ತೆ ನುಣುಪಾಗುತ್ತದೆ. ಆಮೇಲೆ ನಾಲ್ಕನೇ ಗೇರ್, 1,500 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಎರಡೂ ಮುಳ್ಳುಗಳು ಒಟ್ಟಿಗೆ ಏರಿದವು. ಭಾರ ಹಾಕಿಕೊಂಡು ಕಡಿದಾದ ಏರು ಹತ್ತಿಸಿದೆ, ಆಗಲೂ ಜಾರಲಿಲ್ಲ, ವಾಸನೆಯೂ ಇಲ್ಲ.

ಈ ಕೆಲಸದಿಂದ ಇನ್ನೊಂದು ಅನುಕೂಲವೂ ಆಯಿತು. ಫೋರ್ಕಿನ ತೋಳಿಗೂ ಕಿಟಕಿಯ ಮುಂದಿನ ಅಂಚಿಗೂ ಈಗ 13 ಮಿ.ಮೀ. ಅಂತರ ಇದೆ. ಪ್ಲೇಟ್ 1 ಮಿ.ಮೀ. ಸವೆದರೆ ಬೇರಿಂಗ್ 3 ಮಿ.ಮೀ., ಫೋರ್ಕಿನ ಹೊರತುದಿ 5 ಮಿ.ಮೀ. ಸರಿಯುತ್ತದೆ. ಹಾಗಾಗಿ ಏನನ್ನೂ ಬಿಚ್ಚದೆ, ರಬ್ಬರ್ ಬೂಟ್ ಸರಿಸಿ ಒಂದು ಸ್ಕೇಲ್ ಹಿಡಿದರೆ ಪ್ಲೇಟ್ ಎಷ್ಟು ಉಳಿದಿದೆ ಅಂತ ಲೆಕ್ಕ ಸಿಗುತ್ತದೆ. ಆಯಿಲ್ ಬದಲಾಯಿಸುವಾಗಲೆಲ್ಲ ನೋಡಿ, ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರ್ ಪಕ್ಕದಲ್ಲಿ ಬರೆದಿಡುತ್ತಿದ್ದೇನೆ. ಅಂತರ 3 ಮಿ.ಮೀ.ಗೆ ಬಂದಾಗ ಮುಂದಿನ ಪ್ಲೇಟ್ ತರಿಸುತ್ತೇನೆ.